ನಾಲ್ಕನೆಯ ದ್ರಾಕ್ಷಿ

ಎರಡನೆಯ ಕಂತು

ಮೂರನೆಯ ಏಟಿಗೆ ದ್ರಾಕ್ಷಿ ಹೊರುವ ಬುಟ್ಟಿಯವನ ಹಲ್ಲೊಂದು ಕಿತ್ತು ಸಿಮೆಂಟು ನೆಲದ ಮೇಲೆ ಉರುಳಿತು. ನಾಲ್ಕನೆಯದಕ್ಕೆ ಗೂಟ ಮೇಲೆದ್ದಾಗ ಇನ್ಸ್‌ಪೆಕ್ಟರ್ ಹಣ್ಣು ಹಿಂಡುವ ಶೆಡ್ಡಿನ ಮಾಡಿಗೆ ಗುಂಡು ಹಾರಿಸಿದಳು.

ಎರಡು ಹೆಂಚು ಪುಡಿಯಾಗಿ ಜನರ ತಲೆಯ ಮೇಲೆ ಸುರಿಯಿತು. ಗಲಾಟೆ ಕತ್ತರಿಸಿದ ಹಾಗೆ ನಿಂತಿತು. ಹಣ್ಣು ಸಾಗಿಸುವ ಪಟ್ಟಿ ಮಾತ್ರ ಗರಗರ ತಿರುಗುತ್ತಿತ್ತು. ಯಾರೋ ಅದನ್ನೂ ನಿಲ್ಲಿಸಿದರು.

"ಗೂಟ ಕೆಳಗಿಡಿ."

"ಇವನು ನಮ್ಮ ಚಿಕ್ಕಪ್ಪನ್ನ ಕೊಂದಿದಾನೆ ಮೇಡಂ."

"ಕೆಳಗಿಡಿ ಅಂದೆ. ಮುಂದಿನ ಗುಂಡು ಹೆಂಚಿಗಲ್ಲ."

ಸಣ್ಣ ಯಜಮಾನ ಗೂಟ ಬಿಟ್ಟ. ತೋಟದ ಒಡತಿಯ ಒಬ್ಬನೇ ಮಗ ಅವನು. ವಯಸ್ಸು ನಲವತ್ತೈದಾದರೂ ಊರಿಗೆಲ್ಲ ಇನ್ನೂ ಸಣ್ಣ ಯಜಮಾನನೇ. ಅವನ ಮುಷ್ಟಿಯ ಗೆಣ್ಣುಗಳ ಚರ್ಮ ಸುಲಿದಿತ್ತು. ಅವನ ಹಿಂದೆ ಅರವತ್ತು ಎಪ್ಪತ್ತು ಮಂದಿ. ಎಲ್ಲರ ಸೊಂಟದಲ್ಲೂ ಗೊಂಚಲು ಕೊಯ್ಯುವ ಪುಟ್ಟ ಬಾಗುಚಾಕು.

ಕಂಬಕ್ಕೆ ಕಟ್ಟಿದ್ದ ಬುಟ್ಟಿಯವನ ಒಂದು ಕಣ್ಣು ಮುಚ್ಚಿಹೋಗಿತ್ತು. ತೆರೆದಿದ್ದ ಇನ್ನೊಂದು ಕಣ್ಣು ಇನ್ಸ್‌ಪೆಕ್ಟರನ್ನು ನೋಡುತ್ತಿತ್ತು. ಬಿಳಿ ಅಂಗಿಯ ಎದೆಯಿಂದ ಹೊಟ್ಟೆಯ ತನಕ ಕೆಂಪು ಒಣಗಿ ಗಟ್ಟಿಯಾಗಿತ್ತು.

ಅವನ ಪ್ರಾಣ ಆ ಅಂಗಿಯಲ್ಲಿತ್ತು.

ವೈನಿನ ಪೀಪಾಯಿ ಕೋಣೆಯಲ್ಲಿ ಆ ಚಿಕ್ಕಪ್ಪನ, ಊರಿಗೆಲ್ಲ ಮೂಗಣ್ಣನಾದವನ, ಹೆಣ ಸಿಕ್ಕಿ ಮೂರು ಗಂಟೆ ಕಳೆದಿತ್ತು. ಪೀಪಾಯಿಗಳ ಬಿರಡೆ ಬಡಿಯುವ ಮರದ ಕೊಡತಿಯಿಂದ ಯಾರೋ ಅವನ ಮುಖಕ್ಕೆ ಹೊಡೆದಿದ್ದರು. ಒಂದೆರಡಲ್ಲ, ಹನ್ನೊಂದು ಏಟು ಎಂದು ವೈದ್ಯರು ಎಣಿಸಿದ್ದರು. ವೈನು ಮೂಸಿ ಕಣಿವೆಯಲ್ಲೇ ಹೆಸರಾದ ಆ ಮೂಗು ಇದ್ದ ಜಾಗದಲ್ಲಿ ಈಗ ಒಂದು ಗುಳಿ ಮಾತ್ರ ಇತ್ತು. ಹಿಂಬಾಗಿಲ ಮೆಟ್ಟಿಲ ಮೇಲೆ, ಎದೆಯ ತುಂಬ ಕೆಂಪು ಮಾಡಿಕೊಂಡು ಕಿರುಚುತ್ತ ನಿಂತಿದ್ದವನು ಈ ಬುಟ್ಟಿಯವ.

"ಇನ್ನೊಂದು ಸಲ ಹೇಳು," ಎಂದಳು ಅವಳು. "ಅಂಗಿಗೆ ಏನಾಯ್ತು?"

"ರಸ," ಎಂದ ಅವನು. ಬಾಯಿಂದ ರಕ್ತ ಇಳಿಯುತ್ತಿತ್ತು. "ಹಣ್ಣಿನ ರಸ, ಅಮ್ಮಾ. ಮೆಟ್ಟಿಲು ತೀರ ಕಡಿದಾಗಿದೆ. ಬುಟ್ಟಿ ಎದೆಗೆ ಅವಚಿಕೊಂಡು ಇಳಿದೆ. ಸೋರಿತು."

ಗುಂಪಿನಲ್ಲಿ ಯಾರೋ ನಕ್ಕರು. ಖುಷಿಯ ನಗುವಲ್ಲ. ಗುಂಪು ಸರಿದು ಗಾಣದವನಿಗೆ ದಾರಿ ಬಿಟ್ಟಿತು. ಗಾಣದವನೆಂದರೆ ಈ ಶೆಡ್ಡಿನಲ್ಲಿ ಮೂವತ್ತು ವರ್ಷ ಹಣ್ಣು ಹಿಂಡಿದವನು. ಅಗಲ ಭುಜ, ಕಡಿಮೆ ಮಾತು. ಮೂಗಣ್ಣನ ಜೊತೆ ಒಂದೇ ಬೆಂಚಿನ ಮೇಲೆ ಕೂತು ಮೂವತ್ತು ವರ್ಷ ಊಟ ಮಾಡಿದವನು. ಬೆಳಿಗ್ಗೆಯಿಂದ ಅವನು ಅತ್ತಿರಲಿಲ್ಲ, ಯಾರಿಗೂ ಹೊಡೆದೂ ಇರಲಿಲ್ಲ. ಆದರೆ ಅವನು ತಲೆಯಾಡಿಸಿದ್ದರಿಂದಲೇ ಹೊಡೆತ ಶುರುವಾಗಿತ್ತು.

ಅವನು ಪಟ್ಟಿಯ ಮೇಲಿಂದ ಒಂದು ಗೊಂಚಲು ತೆಗೆದ. ಹಣ್ಣು ಕಪ್ಪಗೆ, ಮೇಲೆ ಬೂದಿ ಹಚ್ಚಿದ ಹಾಗಿತ್ತು.

"ಮೇಡಂ, ನೀವು ಪೇಟೆಯವರು. ಕೈ ಒಡ್ಡಿ."

ಅವಳು ಒಡ್ಡಿದಳು. ಅವನು ಮುಷ್ಟಿ ಬಿಗಿದು ಹಿಂಡಿದ. ಅವಳ ಅಂಗೈಗೆ ಬಿದ್ದ ರಸ ನೀರಿನಂತಿತ್ತು. ಸ್ವಲ್ಪ ಹಸಿರು, ಸ್ವಲ್ಪ ಮಂಜು. ಕೆಂಪಿನ ಸುಳಿವೂ ಇಲ್ಲ.

"ಬಣ್ಣ ಇರೋದು ಸಿಪ್ಪೇಲಿ. ಹಣ್ಣು ಜಜ್ಜಿ ಹತ್ತು ಹನ್ನೆರಡು ದಿನ ತೊಟ್ಟೀಲಿ ಕೊಳೆಸಿದ ಮೇಲೆ ರಸ ಕೆಂಪಾಗೋದು. ಇವತ್ತು ಕಿತ್ತ ಹಣ್ಣು ಅಂಗಿ ಕೆಂಪು ಮಾಡಲ್ಲ. ಈ ಕಣಿವೇಲಿ ಹಾಲು ಕುಡಿಯೋ ಕೂಸಿಗೂ ಇದು ಗೊತ್ತು. ಇವನಿಗೆ ಗೊತ್ತಿಲ್ಲ, ಯಾಕಂದ್ರೆ ಬಂದು ಒಂದು ವಾರ. ಸುಳ್ಳು ಹೇಳೋಕೂ ತಿಳುವಳಿಕೆ ಬೇಕು."

"ಒಣಗಿದ ರಕ್ತ ಕಂದು ಆಗಬೇಕಿತ್ತಲ್ಲ?"

"ಮೇಲೆ ರಸ ಬಿದ್ದಿದೆ. ಕಂದಾಗೋಕೆ ಬಿಟ್ಟಿಲ್ಲ."

ಜೇನುನೊಣಗಳು ಬುಟ್ಟಿಯವನ ಎದೆಯ ಸುತ್ತ ಸುತ್ತುತ್ತಿದ್ದವು. ಮೂರು ಅಂಗಿಯ ಮೇಲೇ ಕೂತಿದ್ದವು. ಅವಳು ಅವನ್ನು ನೋಡಿದ್ದನ್ನು ಗಾಣದವ ನೋಡಿದ.

"ಜೇನು ಸಿಹಿಗೆ ಬಂದಿದೆ. ಬರಲಿ. ಮೊದಲು ರಕ್ತ, ಆಮೇಲೆ ಮೇಲೆ ರಸ ಸುರಿದುಕೊಂಡ. ಕೆಂಪು ಎಲ್ಲಿಂದ ಬಂತು, ಅದನ್ನ ಹೇಳಿ."

ಅದನ್ನು ಹೇಳಲು ಪ್ರಯೋಗಾಲಯಕ್ಕೆ ಎರಡು ದಿನ ಬೇಕು. ಕೆಳಗಿನ ಸೇತುವೆಗೆ ಊರವರು ಟ್ರ್ಯಾಕ್ಟರುಗಳನ್ನು ಅಡ್ಡ ನಿಲ್ಲಿಸಿದ್ದರು. ಜಿಲ್ಲೆಯ ವ್ಯಾನು ಬರುವಂತಿರಲಿಲ್ಲ. ಪಿಸ್ತೂಲಿನಲ್ಲಿ ಐದು ಗುಂಡು, ಪಕ್ಕದಲ್ಲಿ ಒಬ್ಬ ಪೇದೆ. ಆ ಪೇದೆಗೆ ಇನ್ನೆರಡು ವರ್ಷಕ್ಕೆ ನಿವೃತ್ತಿ, ಮಂಡಿ ನೋವು, ಇಲಾಖೆಯಲ್ಲಿ ಇಟ್ಟ ಹೆಸರು ದಪ್ಪಣ್ಣ.

"ಒಂದು ಗಂಟೆ ಕೊಡಿ," ಎಂದಳು.

"ಯಾತಕ್ಕೆ?" ಎಂದ ಸಣ್ಣ ಯಜಮಾನ. "ಇವನಿಗೆ ನೀರು ಕುಡಿಸಿ, ಗಾಳಿ ಹಾಕೋಕಾ?"

ಗಾಣದವ ಅವನನ್ನು ಕೈಯಿಂದ ಸರಿಸಿದ. "ಕೊಡ್ತೀನಿ. ಕಿತ್ತ ಕೂಡಲೆ ಕೆಂಪು ರಸ ಬರೋ ಒಂದು ಗೊಂಚಲು, ಒಂದೇ ಒಂದು, ಈ ಕಣಿವೇಲಿ ಹುಡುಕಿ ತನ್ನಿ. ಕಟ್ಟು ನಾನೇ ಬಿಚ್ತೀನಿ, ಅವನ ಕಾಲಿಗೂ ಬೀಳ್ತೀನಿ. ತರದೇ ಇದ್ರೆ ನೀವು ನಿಮ್ಮ ಪೇದೇನ ಕರ್ಕೊಂಡು ಹೊರಗೆ ಹೋಗಿ ನಿಂತ್ಕೊಳ್ಳಿ. ಐದು ಗುಂಡಿಗೆ ಐದು ಜನ ಸಾಯ್ತೀವಿ. ಉಳಿದವರು ಕೆಲಸ ಮುಗಿಸ್ತಾರೆ."

ಬೆದರಿಕೆಯ ದನಿಯಲ್ಲಿ ಅವನು ಹೇಳಲಿಲ್ಲ. ಹವಾಮಾನ ಹೇಳುವ ಹಾಗೆ ಹೇಳಿದ.

*

"ನನ್ನನ್ನ ಇವರ ಮಧ್ಯೆ ಬಿಟ್ಟು ಹೋಗ್ತೀರಾ?" ದಪ್ಪಣ್ಣ ಪಿಸುಗುಟ್ಟಿದ.

"ಬಾಗಿಲಿಗೆ ಅಡ್ಡ ನಿಂತ್ಕೋ. ನಿನ್ನ ದಾಟಿ ಹೋಗೋಕೇ ಅವರಿಗೆ ಅರ್ಧ ಗಂಟೆ ಬೇಕು."

"ನನ್ನ ಹೊಟ್ಟೆ ಸರ್ಕಾರದ ಕೆಲಸಕ್ಕೆ ಬಂತಲ್ಲ, ಸಂತೋಷ," ಎಂದು ಅವನು ಬೆವರು ಒರೆಸಿಕೊಂಡ. ಆಮೇಲೆ ದನಿ ತಗ್ಗಿಸಿ, "ಅವನ ಹೆಂಡತೀನ ಕ್ರೇಟು ಕೋಣೇಲಿ ಕೂಡಿಹಾಕಿದಾರೆ. ಅವಳ ಕೈಗೂ ರಕ್ತ ಅಂತಾರೆ. ಒಮ್ಮೆ ನೋಡಿ," ಎಂದ.

ಕ್ರೇಟು ಕೋಣೆಯ ಚಿಲಕ ಹೊರಗಿನಿಂದ ಹಾಕಿತ್ತು. ಒಳಗೆ ಹೆಂಗಸು ಗೋಡೆಗೆ ಒರಗಿ ಕೂತಿದ್ದಳು. ಅವಳ ಕೂದಲ ಒಂದು ಹಿಡಿ ಕಿತ್ತು ಬಂದಿತ್ತು. ಬಾಗಿಲು ತೆಗೆದಾಗ ಏಟು ಬೀಳುವುದೆಂದು ತಲೆ ಮುಚ್ಚಿಕೊಂಡಳು.

ಮುಚ್ಚಿಕೊಂಡ ಕೈಗಳನ್ನು ಇನ್ಸ್‌ಪೆಕ್ಟರ್ ನೋಡಿದಳು.

ಬೆಳಿಗ್ಗೆಯಿಂದ ಅವಳು ನೂರು ಕೈ ನೋಡಿದ್ದಳು. ಕೊಯ್ಲಿನವರ ಬೆರಳೆಲ್ಲ ಒಂದೇ ಬಣ್ಣ. ಉಗುರಿನ ಸಂದಿಯಲ್ಲಿ ಕಪ್ಪು, ತುದಿಯಲ್ಲಿ ಹಳೆ ಚಹಾದ ಕಂದು. ಈ ಕೈಗಳು ಹಾಗಿರಲಿಲ್ಲ. ಬೀಟ್‌ರೂಟು ಹೆಚ್ಚಿದವರ ಕೈಯ ಹಾಗೆ ಮೊಣಕೈ ತನಕ ಕೆನ್ನೇರಳೆ. ಒಂದು ದಿನದ ಬಣ್ಣವಲ್ಲ. ಚರ್ಮದ ಗೆರೆಗೆರೆಗೂ ಇಳಿದು, ತೊಳೆದು ಮಾಸಿ, ಅದರ ಮೇಲೆ ಮತ್ತೆ ಹತ್ತಿದ ಬಣ್ಣ.

"ಇದು ಯಾವಾಗಿನದು?"

"ಬಂದ ದಿನದಿಂದ ಅಕ್ಕಾ. ಸೋಪು ಹಾಕಿದ್ರೂ ಹೋಗಲ್ಲ." ಅವಳು ಕೈಗಳನ್ನು ಮಡಿಲಲ್ಲಿ ಅಡಗಿಸಿಕೊಂಡಳು. "ಈ ಹಣ್ಣಿನ ಗುಣಾನೇ ಹಾಗಲ್ವಾ?"

"ಬೇರೆ ಹೆಂಗಸರ ಕೈ ಹೀಗಿಲ್ಲ."

"ಬೇರೆ ಹೆಂಗಸರನ್ನ ನಾನು ನೋಡಿದ್ದೇ ಇವತ್ತು. ನನ್ನ ಕೂದಲು ಹಿಡಿದಾಗ."

ಇನ್ಸ್‌ಪೆಕ್ಟರ್ ಅವಳೆದುರು ಕುಕ್ಕರುಗಾಲಲ್ಲಿ ಕೂತಳು.

"ನೀವು ಎಲ್ಲಿ ಕೊಯ್ತಾ ಇದ್ರಿ?"

"ಮೇಲೆ. ಗುಡ್ಡದ ಬೆನ್ನಿಗೆ, ಕಲ್ಲುಗೋಡೆಯ ಆಚೆ. ಒಂದೇ ಸಾಲು. ನಾನು, ಇವರು, ಇಬ್ಬರೇ. ಮಲಗೋಕೂ ಅಲ್ಲೇ ಗುಡಿಸಲು. ಕೆಳಗಿನವರ ಜೊತೆ ಮಾತಾಡಬೇಡಿ, ಅವರು ಕಳ್ಳರು ಅಂದಿದ್ರು. ಹಣ್ಣನ್ನ ಶೆಡ್ಡಿಗಲ್ಲ, ಪೀಪಾಯಿ ಕೋಣೆ ಹಿಂಬಾಗಿಲಿಗೆ ಇಳಿಸಿ ಅಂದಿದ್ರು."

"ಯಾರು?"

"ದೊಡ್ಡಮ್ಮ."

ದೊಡ್ಡಮ್ಮನೆಂದರೆ ತೋಟದ ಒಡತಿ, ಸತ್ತ ಮೂಗಣ್ಣನ ಅತ್ತಿಗೆ. ಬೆಳಿಗ್ಗೆ ಮೈದುನನ ಹೆಣದ ಮುಖಕ್ಕೆ ತನ್ನ ಏಪ್ರನ್ನು ಬಿಚ್ಚಿ ಹೊದಿಸಿದವಳು ಅವಳೇ.

ಹೊರಗೆ ಟ್ರ್ಯಾಕ್ಟರಿನ ಸದ್ದು ಕೇಳಿಸಿತು. ಇನ್ಸ್‌ಪೆಕ್ಟರ್ ಕಿಟಕಿಗೆ ಬಂದಳು. ಸಣ್ಣ ಯಜಮಾನ ಓಡಿಸುತ್ತಿದ್ದ. ಮಡ್‌ಗಾರ್ಡಿನ ಮೇಲೆ ದೊಡ್ಡಮ್ಮ ನೆಟ್ಟಗೆ ಕೂತಿದ್ದಳು. ಟ್ರ್ಯಾಕ್ಟರು ಗುಡ್ಡದ ದಾರಿ ಹಿಡಿಯಿತು.

*

ಇಳಿಜಾರಿನ ತುಂಬ ದುಂಡುಕಲ್ಲು. ಮುಷ್ಟಿಗಾತ್ರದವು, ತಲೆಗಾತ್ರದವು. ಈ ಕಲ್ಲುಗಳು ಹಗಲ ಬಿಸಿಲು ಹೀರಿಟ್ಟುಕೊಂಡು ಸಂಜೆ ಬಳ್ಳಿಗೆ ಮರಳಿಸುತ್ತವೆ, ಅದಕ್ಕೇ ಇಲ್ಲಿನ ವೈನಿಗೆ ಬಾಯಿ ತುಂಬುವಷ್ಟು ಮೈ ಎಂದು ಬಾಟಲಿಯ ಚೀಟಿಯಲ್ಲಿ ಬರೆದಿರುತ್ತದೆ. ಅವುಗಳ ಮೇಲೆ ಓಡಿದರೆ ಕಾಲು ಉಳುಕುತ್ತದೆ ಎಂದು ಬರೆದಿರುವುದಿಲ್ಲ. ಅವಳು ಎರಡು ಸಲ ಬಿದ್ದಳು.

ಚೀಟಿಯ ಉಳಿದ ಮಾತು ಅವಳಿಗೆ ಬಾಯಿಪಾಠವಾಗಿತ್ತು. ಈ ಕಣಿವೆಯ ಕೆಂಪು ವೈನು ಒಂದೇ ಹಣ್ಣಿನದಲ್ಲ. ಮೂರು ಹಣ್ಣು, ಮೂರು ಪೀಪಾಯಿ, ಆಮೇಲೆ ಒಂದು ಮಿಶ್ರಣ. ಕಣಿವೆಯವರು ಅವನ್ನು ಅಪ್ಪ, ಅವ್ವ, ಸೊಸೆ ಎನ್ನುತ್ತಾರೆ. ಅಪ್ಪನದು ಒಗರು, ಅವ್ವನದು ಮೈ, ಸೊಸೆಯದು ಪರಿಮಳ. ಯಾರು ಎಷ್ಟು ಎಂದು ಪ್ರತಿ ವರ್ಷ ಹೇಳುತ್ತಿದ್ದವನು ಮೂಗಣ್ಣ. ಅಳತೆಯ ಗಾಜಿನ ಮುಂದೆ ಕೂತು, ಮೂಸಿ, ಉಗಿದು, ಮತ್ತೆ ಮೂಸಿ, ಕೊನೆಗೆ ಮೂರೇ ಹಣ್ಣು ಎಂದು ಅವನು ಸಹಿ ಹಾಕಿದರೆ ಬಾಟಲಿಗೆ ಕಣಿವೆಯ ಮುದ್ರೆ. ನಾಲ್ಕನೆಯದು ಬೆರೆತರೆ ಮುದ್ರೆಯಿಲ್ಲ. ಬೆರೆಸಿದ ಮನೆಗೆ ಇನ್ನು ಎಂದೆಂದಿಗೂ ಇಲ್ಲ.

ಗೋಡೆಯ ಆಚೆಯಿಂದ ಯಂತ್ರದ ಗರಗಸ ಕೂಗಿತು.

ಅವಳು ಗೋಡೆ ಹತ್ತಿ ಧುಮುಕಿದಳು.

ಒಂದೇ ಸಾಲು, ಆದರೆ ನೂರು ಹೆಜ್ಜೆ ಉದ್ದ. ಬಳ್ಳಿಗಳ ಬುಡ ಮನುಷ್ಯರ ತೊಡೆಯಷ್ಟು ದಪ್ಪ. ಎಲೆಗಳು ಆಗಲೇ ಕೆಂಪಾಗಿದ್ದವು, ಕಣಿವೆಯ ಉಳಿದೆಲ್ಲ ಎಲೆ ಹಸಿರಾಗಿದ್ದಾಗ. ಸಣ್ಣ ಯಜಮಾನ ಅರ್ಧಕ್ಕೂ ಹೆಚ್ಚು ಬುಡಗಳನ್ನು ಕತ್ತರಿಸಿದ್ದ. ಬಿದ್ದ ಬಳ್ಳಿಗಳ ಮೇಲೆ ಅವನು ಬೂಟುಗಾಲಲ್ಲಿ ನಡೆಯುತ್ತಿದ್ದ. ಅವನು ಕಾಲಿಟ್ಟಲ್ಲೆಲ್ಲ ನೆಲ ಕೆಂಪಾಗುತ್ತಿತ್ತು.

ನೋಡಿದವರು ಕೊಲೆಯಾದದ್ದು ಇಲ್ಲೇ ಎನ್ನುತ್ತಿದ್ದರು.

ದೊಡ್ಡಮ್ಮ ಕವುಚಿದ ಕ್ರೇಟಿನ ಮೇಲೆ ಕೂತು ಒಂದು ಗೊಂಚಲಿನಿಂದ ಹಣ್ಣು ಬಿಡಿಸಿ ಬಿಡಿಸಿ ತಿನ್ನುತ್ತಿದ್ದಳು. ಎಪ್ಪತ್ತು ದಾಟಿದ ಹೆಂಗಸು. ತುಟಿ ಕಡುಕೆಂಪಾಗಿತ್ತು.

"ಬಾ ಮಗಳೇ," ಎಂದಳು. "ಏದುಸಿರು ಬರ್ತಿದೆ. ಕೂತ್ಕೋ."

"ಗರಗಸ ನಿಲ್ಲಿಸೋಕೆ ಹೇಳಿ."

ದೊಡ್ಡಮ್ಮ ಕೈಯೆತ್ತಿದಳು. ಗರಗಸ ನಿಂತಿತು. ಮಗ ಅದನ್ನು ಕೈಯಲ್ಲೇ ಹಿಡಿದು ನಿಂತ.

"ಇದರ ಹೆಸರೇನು?"

"ಬಣ್ಣಗಾರ. ಸಿಪ್ಪೆಯಷ್ಟೇ ಅಲ್ಲ, ಒಳಗೂ ಕೆಂಪು. ನಮ್ಮತ್ತೆಯ ಕಾಲದಲ್ಲಿ ಎಲ್ಲರ ಹೊಲದಲ್ಲೂ ಇತ್ತು. ಆಮೇಲೆ ಮುದ್ರೆಯ ಕಚೇರಿಯವರು ಬಂದು ಕೀಳಿಸಿದರು. ಈಗಿನ ಗಾಣದವರಿಗೆ ಹೀಗೊಂದು ಹಣ್ಣಿತ್ತು ಅನ್ನೋದೇ ಗೊತ್ತಿಲ್ಲ." ಅವಳು ಬೀಜ ಉಗಿದಳು. "ತಿನ್ನೋಕೆ ಚೆನ್ನಾಗಿಲ್ಲ. ಹುಳಿ."

"ನಿಮ್ಮ ಹೊಲದಲ್ಲಿ ಮಾತ್ರ ಉಳಿಸ್ಕೊಂಡ್ರಿ."

"ಮಳೆ ಜಾಸ್ತಿಯಾದ ವರ್ಷ ಅಪ್ಪನೂ ಬಿಳಿಚ್ಕೋತಾನೆ, ಅವ್ವನೂ ಬಿಳಿಚ್ಕೋತಾಳೆ. ಬಿಳಿಚಿದ ವೈನು ಯಾರಿಗೆ ಬೇಕು? ನೂರು ಪೀಪಾಯಿಗೆ ಎರಡು ಪೀಪಾಯಿ ಬಣ್ಣಗಾರ. ಯಾರ ನಾಲಿಗೆಗೂ ತಿಳಿಯಲ್ಲ."

"ಮೂಗಣ್ಣನ ಮೂಗಿಗೆ?"

"ಸಾಲು ನೆಟ್ಟವನೇ ಅವನು. ಮೂವತ್ತು ವರ್ಷದ ಹಿಂದೆ, ಇದೇ ಗುದ್ದಲಿ ಹಿಡಿದು." ದೊಡ್ಡಮ್ಮ ಗೋಡೆಗೆ ಒರಗಿಸಿದ್ದ ಗುದ್ದಲಿಯನ್ನು ಗಲ್ಲದಿಂದ ತೋರಿಸಿದಳು. "ಮೂವತ್ತು ವರ್ಷ ಮೂಸಿ, ಗೊತ್ತಿದ್ದೂ ಸಹಿ ಹಾಕಿದ. ಈ ವರ್ಷ ಹಾಕಲ್ಲ ಅಂದ. ಯಾಕೆ ಅಂತ ಕೇಳಿದ್ರೆ, ಸಾಯೋ ಮುಂಚೆ ಒಂದು ಬಾಟಲಿಯಾದ್ರೂ ನಿಜವಾದ್ದು ಮಾಡಬೇಕು ಅಂದ. ಗಂಡಸರಿಗೆ ವಯಸ್ಸಾದ ಮೇಲೆ ಹೀಗೆಲ್ಲ ಆಸೆ ಬರುತ್ತೆ."

"ಇವತ್ತು ಬೆಳಿಗ್ಗೆ ಅಂದ್ನಾ?"

"ಇವತ್ತು ಬೆಳಿಗ್ಗೆ ಅಂದ."

"ಯಾರ ಹತ್ತಿರ?"

ಮಗ ತಾಯಿಯ ಮುಖ ನೋಡಿದ. ತಾಯಿ ಮಗನ ಮುಖ ನೋಡಲಿಲ್ಲ.

ಇನ್ಸ್‌ಪೆಕ್ಟರ್ ಅವನತ್ತ ತಿರುಗಿದಳು. "ರಸ ಕೆಂಪಿರಲ್ಲ ಅಂತ ಮೊದಲು ಕೂಗಿದವರು ನೀವೇ, ಅಲ್ವಾ? ಗಾಣದವನಿಗೆ ಗೊತ್ತಿಲ್ಲ, ಅವನು ನಂಬಿ ಹೇಳಿದ. ನಿಮಗೆ ಗೊತ್ತಿತ್ತು. ಗೊತ್ತಿದ್ದೂ ಅವನ ಹಲ್ಲು ಮುರಿದ್ರಿ."

"ಅವನು ಪರದೇಸಿ," ಎಂದ ಸಣ್ಣ ಯಜಮಾನ. ದನಿ ಒಡೆದಿತ್ತು. "ಅವನಿಗೆ ಇಲ್ಲಿ ಯಾರಿದಾರೆ? ಈ ಮನೆ ಇನ್ನೂರು ವರ್ಷದ್ದು. ಹೇಳಿ, ಯಾವುದು ಉಳೀಬೇಕು?"

"ಒಂದು ಗೊಂಚಲು ಸಾಕು ನನಗೆ."

ಅವಳು ಬಾಗಿ ಕೈ ಹಾಕಿದಳು. ಅವನು ನುಗ್ಗಿದ.

ಗರಗಸದ ಮೊಂಡು ಹಿಡಿ ಅವಳ ದವಡೆಗೆ ಬಿತ್ತು. ಕೈಯಲ್ಲಿದ್ದ ಪಿಸ್ತೂಲು ಹಾರಿ ಕಲ್ಲಿನ ಮೇಲೆ ಟಣ್ಣೆಂದಿತು. ಇಬ್ಬರೂ ಬಿದ್ದ ಬಳ್ಳಿಗಳ ಮೇಲೆ ಉರುಳಿದರು. ಅವನ ಭಾರ, ಅವನ ಬೆವರು, ಕುತ್ತಿಗೆಯ ಮೇಲೆ ಅವನ ಎರಡು ಹೆಬ್ಬೆರಳು. ಅವಳ ಬೆನ್ನ ಕೆಳಗೆ ಹಣ್ಣುಗಳು ಪಟಪಟ ಒಡೆದವು. ಕಣ್ಣು ಕತ್ತಲಾಗುತ್ತ ಬಂದಾಗ ಕೈಗೆ ಒಂದು ದುಂಡುಕಲ್ಲು ಸಿಕ್ಕಿತು. ಅದರಿಂದ ಅವನ ಕಿವಿಗೆ ಹೊಡೆದಳು. ಮತ್ತೆ ಹೊಡೆದಳು. ಮೂರನೆಯ ಸಲ ಹೊಡೆದಾಗ ಹೆಬ್ಬೆರಳು ಸಡಿಲವಾದವು.

ಅವನು ಪಕ್ಕಕ್ಕೆ ಹೊರಳಿ ಕಿವಿ ಹಿಡಿದುಕೊಂಡು ನರಳಿದ. ಬೆರಳ ಸಂದಿಯಿಂದ ರಕ್ತ ಇಳಿದು ಹಣ್ಣಿನ ರಸಕ್ಕೆ ಸೇರಿತು. ಎರಡರಲ್ಲಿ ಯಾವುದು ಯಾವುದು ಎಂದು ಹೇಳುವಂತಿರಲಿಲ್ಲ.

ಅವಳು ಎದ್ದೇಳಲು ನೋಡಿದಳು. ಬಳ್ಳಿ ಕಟ್ಟುವ ತಂತಿಗೆ ಕಾಲು ಸಿಕ್ಕಿತ್ತು.

"ಅವಸರ ಮಾಡಬೇಡ. ಏಳು ಮಗಳೇ, ನಿಧಾನ." ದೊಡ್ಡಮ್ಮ ಪಕ್ಕದಲ್ಲಿದ್ದಳು. ಒಂದು ತೋಳು ಅವಳ ಬೆನ್ನ ಹಿಂದೆ ಹಾಕಿ, ಎದೆಗೆ ಒತ್ತಿಕೊಂಡು, ಮಗುವನ್ನು ಎತ್ತುವ ಹಾಗೆ ಎತ್ತಿದಳು. ಮುದುಕಿಗೆ ಬಹಳ ಬಲವಿತ್ತು.

"ಅಮ್ಮಾ, ಬೇಡ!" ನೆಲದ ಮೇಲಿದ್ದ ಮಗ ಕಿರುಚಿದ. "ಅಮ್ಮಾ!"

"ಸುಮ್ಮನಿರೋ," ಎಂದಳು ದೊಡ್ಡಮ್ಮ.

ಇನ್ಸ್‌ಪೆಕ್ಟರ್‌ಗೆ ಪಕ್ಕೆಯಲ್ಲಿ ಏನೋ ಗುದ್ದಿದಂತಾಯಿತು. ತಂತಿ ಇರಬೇಕು, ಇಲ್ಲ ಮುರಿದ ಗೂಟ. ಅವಳು ಬಿಡಿಸಿಕೊಂಡು ನಿಂತಳು. ಗಂಟಲು ಉರಿಯುತ್ತಿತ್ತು, ದವಡೆ ಬಿಗಿದಿತ್ತು. ಬೇರೆ ನೋವಿಗೆ ಜಾಗವಿರಲಿಲ್ಲ.

ದೊಡ್ಡಮ್ಮ ಕಲ್ಲಿನ ಮೇಲಿದ್ದ ಪಿಸ್ತೂಲನ್ನು ಎರಡು ಬೆರಳಲ್ಲಿ ಎತ್ತಿ ತಂದು ಕೊಟ್ಟಳು. ಜೊತೆಗೆ ಒಂದು ದೊಡ್ಡ ಗೊಂಚಲು.

"ತಗೋ. ಹೋಗಿ ಆ ಮನುಷ್ಯನ ಕಟ್ಟು ಬಿಚ್ಚಿಸು. ಪಾಪ, ಅವನಿಗೂ ಹೆಂಡತಿ ಇದಾಳೆ."

"ಇದನ್ನ ತೋರಿಸಿದ್ರೆ ನಿಮ್ಮ ಮುದ್ರೆ ಹೋಗುತ್ತೆ."

"ಗೊತ್ತು."

"ಆಮೇಲೆ ನಿಮ್ಮಿಬ್ಬರನ್ನ ಕರ್ಕೊಂಡು ಹೋಗೋಕೆ ಬರ್ತೀನಿ."

"ಬಾ," ಎಂದಳು ದೊಡ್ಡಮ್ಮ. ಏಪ್ರನ್ನಿಗೆ ಕೈ ಒರೆಸಿಕೊಂಡಳು. "ನಡೆಯೋಕೆ ಆದ್ರೆ ಬಾ."

ಇಬ್ಬರನ್ನೂ ಆಗಲೇ ಕಟ್ಟಿ ತರಬೇಕಿತ್ತು. ಆದರೆ ಒಂದೇ ಬೇಡಿ ಇತ್ತು, ಗಡಿಯಾರದಲ್ಲಿ ಹತ್ತು ನಿಮಿಷ ಉಳಿದಿತ್ತು. ಅವಳು ಬೇಡಿಯಿಂದ ಮಗನ ಕೈಯನ್ನು ಟ್ರ್ಯಾಕ್ಟರಿನ ಹಿಂದಿನ ಕೊಕ್ಕೆಗೆ ಬಿಗಿದಳು. ಎಂಜಿನ್ನಿನ ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡಳು. ಮುದುಕಿ ಎಲ್ಲಿಗೆ ಓಡಿಯಾಳು ಎಂದುಕೊಂಡು ಗೋಡೆ ಹತ್ತಿದಳು.

*

ಇಳಿಯುವಾಗ ಮೂರು ಸಲ ಕೂರಬೇಕಾಯಿತು. ಯಾಕೆಂದು ಅವಳಿಗೆ ತಿಳಿಯಲಿಲ್ಲ. ಬೆಳಿಗ್ಗೆ ಏನೂ ತಿಂದಿರಲಿಲ್ಲ, ಅದಕ್ಕೇ ಇರಬಹುದು.

ಶೆಡ್ಡಿನ ಬಾಗಿಲಲ್ಲಿ ದಪ್ಪಣ್ಣ ಎರಡು ಕೈ ಚಾಚಿ ನಿಂತಿದ್ದ. ಅವನ ಹುಬ್ಬು ಸೀಳಿತ್ತು. ಟೋಪಿ ಇರಲಿಲ್ಲ. ಒಳಗೆ ಯಾರೋ ಹಗ್ಗ ಎಸೆದು ತೊಲೆಗೆ ಹಾಕುತ್ತಿದ್ದರು.

"ಎರಡು ನಿಮಿಷ ಇದೆ ಕಣ್ರೋ!" ಅವನು ಅರಚುತ್ತಿದ್ದ. "ನನ್ನ ಗಡಿಯಾರ ಸರ್ಕಾರದ್ದು, ನಿಮ್ಮದಲ್ಲ!"

ಆಮೇಲೆ ಅವಳನ್ನು ನೋಡಿ ಚಾಚಿದ್ದ ಕೈ ಇಳಿಸಿದ.

ಜನ ತಿರುಗಿದರು. ಮುಂದಿದ್ದ ಹೆಂಗಸೊಬ್ಬಳು ಬಾಯಿಗೆ ಕೈ ಇಟ್ಟುಕೊಂಡಳು. ಇನ್ಸ್‌ಪೆಕ್ಟರ್ ತೊಟ್ಟಿದ್ದ ಮಫ್ತಿಯ ಬಿಳಿ ಅಂಗಿ ಕುತ್ತಿಗೆಯಿಂದ ಸೊಂಟದ ತನಕ ಕೆಂಪಾಗಿತ್ತು. ಕೂದಲು, ಕಿವಿ, ತೋಳು ಎಲ್ಲ ಕೆಂಪು.

"ಯಾರು ಹೊಡೆದ್ರು ಮೇಡಂ?" ಎಂದ ಗಾಣದವ. ಅವನ ದನಿಯಲ್ಲಿ ಮೊದಲ ಸಲ ಭಯವಿತ್ತು.

"ಯಾರೂ ಇಲ್ಲ. ಇದು ರಸ."

ಯಾರೂ ನಗಲಿಲ್ಲ.

ಅವಳು ಗೊಂಚಲನ್ನು ಅವನ ಕೈಗಿಟ್ಟಳು. "ಹಿಂಡು."

ಗಾಣದವ ಗೊಂಚಲನ್ನು ತಿರುಗಿಸಿ ನೋಡಿದ. ತೊಟ್ಟು ನೋಡಿದ, ಮೂಸಿದ. ಮೂವತ್ತು ವರ್ಷ ಹಣ್ಣು ಹಿಂಡಿದ ಕೈ ಮುಷ್ಟಿ ಬಿಗಿಯಲು ಹೆದರಿತು. ಆಮೇಲೆ ಬಿಗಿಯಿತು.

ಬೆರಳ ಸಂದಿಯಿಂದ ಕೆಂಪು ಚಿಮ್ಮಿ ಮಣಿಕಟ್ಟಿಗೆ ಇಳಿಯಿತು, ಮೊಣಕೈಗೆ ಇಳಿಯಿತು, ಸಿಮೆಂಟಿನ ಮೇಲೆ ತೊಟ್ಟಿಕ್ಕಿತು. ಬುಟ್ಟಿಯವನ ಅಂಗಿಯದೇ ಬಣ್ಣ. ಒಂದು ಜೇನುನೊಣ ಬಂದು ಅದರ ಮೇಲೆ ಕೂತಿತು.

"ಎಲ್ಲಿತ್ತು ಇದು?"

"ಗುಡ್ಡದ ಬೆನ್ನಿಗೆ. ನಿನ್ನ ಯಜಮಾನಿಯ ಹೊಲದಲ್ಲಿ. ಮೂವತ್ತು ವರ್ಷದಿಂದ."

ಗಾಣದವ ಬಹಳ ಹೊತ್ತು ತನ್ನ ಕೈ ನೋಡಿಕೊಂಡ. ಮೂವತ್ತು ವರ್ಷದ ವೈನು, ತಾನು ಹಿಂಡಿದ್ದು, ತಾನು ಹೆಮ್ಮೆಪಟ್ಟದ್ದು, ಒಂದೊಂದೇ ಅವನ ಮುಖದ ಮೇಲೆ ಹಾದುಹೋದಂತಿತ್ತು. ಆಮೇಲೆ ಸೊಂಟದ ಚಾಕು ತೆಗೆದು ಕಂಬದ ಹತ್ತಿರ ಹೋದ. ಬುಟ್ಟಿಯವ ಕಣ್ಣು ಮುಚ್ಚಿಕೊಂಡ.

ಗಾಣದವ ಹಗ್ಗ ಕೊಯ್ದ. ಕುಸಿಯುತ್ತಿದ್ದವನನ್ನು ಹಿಡಿದು ಮೆಲ್ಲಗೆ ನೆಲಕ್ಕೆ ಇಳಿಸಿದ. ಆಡಿದ ಮಾತಿನಂತೆ ಬಗ್ಗಿ ಅವನ ಕಾಲು ಮುಟ್ಟಿದ.

"ಅಯ್ಯೋ, ಬೇಡಣ್ಣಾ," ಎಂದ ಬುಟ್ಟಿಯವ, ಮುರಿದ ಹಲ್ಲಿನ ಸಂದಿಯಿಂದ. "ನೀನು ಹೊಡೆದಿಲ್ಲ."

"ಹೊಡೆಸಿದೆ."

ಕ್ರೇಟು ಕೋಣೆಯಿಂದ ಹೆಂಡತಿ ಓಡಿಬಂದು ಅವನ ತಲೆಯನ್ನು ತೊಡೆಯ ಮೇಲೆ ಹಾಕಿಕೊಂಡಳು. ಅಳಲಿಲ್ಲ. "ಇನ್ನು ನಾವು ಸೇಬು ಕೊಯ್ಯೋಣ," ಎಂದಳು. "ಸೇಬೇ ವಾಸಿ." ಅವನು ನಕ್ಕ. ನಕ್ಕದ್ದಕ್ಕೆ ನೋವಾಗಿ ಬೈದ.

ಇನ್ಸ್‌ಪೆಕ್ಟರ್ ಪಟ್ಟಿಯ ಕಟ್ಟೆಗೆ ಒರಗಿದಳು. ಶೆಡ್ಡಿನ ಗೋಡೆಗಳು ಸ್ವಲ್ಪ ದೂರ ಸರಿದ ಹಾಗೆ ಕಂಡವು. ದಪ್ಪಣ್ಣ ಹತ್ತಿರ ಬಂದ.

"ಕೂತ್ಕೊಳ್ಳಿ ಮೇಡಂ."

"ಮೇಲೆ ಹೋಗಬೇಕು. ಮಗನಿಗೆ ಬೇಡಿ ಹಾಕಿದೀನಿ. ಮುದುಕೀನ ಮಾತ್ರ ಕಟ್ಟಿಲ್ಲ. ಜನರನ್ನ ಕರ್ಕೋ."

"ಮೊದಲು ಕೂತ್ಕೊಳ್ಳಿ."

ಅವಳು ಬೀಳದಂತೆ ಅವನು ಪಕ್ಕೆಗೆ ಅಂಗೈ ಕೊಟ್ಟ. ಕೊಟ್ಟ ಕೈಯನ್ನು ತೆಗೆಯಲಿಲ್ಲ. ಅವನ ಮುಖದ ಬಣ್ಣ ಇಳಿಯಿತು.

"ಮೇಡಂ," ಎಂದ, ಅವಳ ಕಿವಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ. "ರಸ ಇಷ್ಟು ಬೆಚ್ಚಗಿರಲ್ಲ."

ಅವಳು ಕೆಳಗೆ ನೋಡಿದಳು. ಅಂಗಿಯಲ್ಲಿ, ಪಕ್ಕೆಲುಬಿನ ಕೆಳಗೆ, ಎರಡು ಬೆರಳು ಅಗಲದ ಒಂದು ಸೀಳಿತ್ತು. ನೇರವಾಗಿರಲಿಲ್ಲ. ಗೊಂಚಲು ಕೊಯ್ಯುವ ಚಾಕುವಿನ ಹಾಗೆ ತುದಿಯಲ್ಲಿ ಸ್ವಲ್ಪ ಬಾಗಿತ್ತು. ಅಲ್ಲಿಂದ ಕೆಂಪು ಇನ್ನೂ ಹೊಸದಾಗಿ ಬರುತ್ತಿತ್ತು.

ಅವಳು ಅಂಗೈಯಿಂದ ಸೀಳನ್ನು ಒತ್ತಿಹಿಡಿದಳು.

ಬಾಗಿಲ ಬಳಿ ಜನ ಸರಿದರು. ಬೆಳಕಿಗೆ ಬೆನ್ನು ಮಾಡಿ ಯಾರೋ ನಿಂತಿದ್ದರು, ನಡೆದುಬಂದ ದಣಿವಿಗೆ ಎದೆಯ ಮೇಲೆ ಒಂದು ಕೈ ಇಟ್ಟುಕೊಂಡು.

"ದಾರಿ ಬಿಡ್ರಪ್ಪಾ," ಎಂದಳು ದೊಡ್ಡಮ್ಮ. "ಪಾಪ, ಆ ಹುಡುಗಿಯ ಪಕ್ಕೆಗೆ ಗಾಯವಾಗಿದೆ. ನಾನು ಕಟ್ತೀನಿ."